ಕಾಳೆಗಗಳ ನಡುವಣ ವಿರಾಮ

ಯುದ್ಧಕಥೆಯ ಸತ್ತ್ವವು ಯುದ್ಧವಿಲ್ಲದ ಹೊತ್ತಿನಲ್ಲಿ ತಿಳಿಯುವುದು. ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನನು ಸಂಜಯನೊಡನೆ ರಣಭೂಮಿಯಲ್ಲಿ ನಡೆಯುತ್ತ, ದ್ರೋಣ, ದುಶ್ಶಾಸನ, ಕರ್ಣರ ಕಳೇಬರಗಳೆದುರು ನಿಂತು ಶೋಕಿಸುವನು. ಕಡೆಯ ಗದಾಘಾತಕ್ಕೆ ಭಾರ ಬರುವುದು ಆ ನಡಿಗೆಯಿಂದಲೇ.

ಬಂಗಾರಪೇಟೆ, ಕೆ.ಜಿ.ಎಫ್.ಗಳ ಮನೆಗಳಲ್ಲಿ ನಮ್ಮ ತರುಣರು ಆಡುವ ವಿಡಿಯೋ ಆಟಗಳಿಗೂ ಈ ಮಾತು ಸಲ್ಲತಕ್ಕದ್ದು. ವ್ಯೂಹವನ್ನು ರಚಿಸಿ ಸರದಿಯಂತೆ ಕಾದುವ ಆಟಗಳಲ್ಲಿ, 2019ರಲ್ಲಿ ಜಪಾನಿನಿಂದ ಬಂದ ‘ಫೈರ್ ಎಂಬ್ಲೆಮ್: ತ್ರೀ ಹೌಸಸ್’ ಗಮನಾರ್ಹವಾದುದು. ಇಲ್ಲಿ ಆಡುವವನು ಮಠದೊಳಗಣ ವಿದ್ಯಾಲಯದ ಉಪಾಧ್ಯಾಯ. ಕಾಳೆಗಗಳ ನಡುವೆ ಅವನು ಪಾಠ ಹೇಳುವನು, ಮೂರು ಪಂಗಡಗಳ ವಿದ್ಯಾರ್ಥಿಗಳೊಡನೆಯೂ ಉಣ್ಣುವನು, ಕೊಳದಲ್ಲಿ ಮೀನು ಹಿಡಿಯುವನು. ಐದು ವರ್ಷಗಳು ಕಳೆದ ಮೇಲೆ, ಪಂಕ್ತಿಯಲ್ಲಿ ಉಂಡವರೇ ಕೆಲವರು ಶತ್ರುಗಳಾಗಿ ಎದುರು ನಿಲ್ಲುವರು. ಆಗ ಕೈ ನಡುಗುವುದು ಆ ಅನ್ನದ ಋಣದಿಂದ.

ದೋಷವೂ ಉಂಟು. ಊಟಕ್ಕೆ ಉತ್ಸಾಹವಿಷ್ಟು, ಚಹಕ್ಕೆ ಸ್ನೇಹವಿಷ್ಟು ಎಂದು ಫಲವನ್ನು ಗೊತ್ತುಪಡಿಸಿದ್ದಾರೆ. ತಿಂಗಳು ತಿಂಗಳಿಗೂ ಅದೇ ಸುತ್ತು, ದೇಶವೆಲ್ಲ ಯುದ್ಧದಲ್ಲಿ ಬೇಯುವಾಗಲೂ ಅದೇ ಮೀನುಬೇಟೆ. ಹೀಗೆ ಮೈತ್ರಿಯು ಲೆಕ್ಕದ ಪುಸ್ತಕವಾಗುವುದು. ಪರಿಪುಷ್ಟವಾದ ರಸವನ್ನು ಮತ್ತೆ ಮತ್ತೆ ಉದ್ದೀಪಿಸಿದರೆ ಅದು ಬಾಡಿದ ಹೂವಿನಂತಾಗುವುದೆಂದು ಆನಂದವರ್ಧನನು ‘ಧ್ವನ್ಯಾಲೋಕ’ದಲ್ಲಿ ಎಚ್ಚರಿಸಿದ್ದಾನೆ. ದುರ್ಯೋಧನನು ಆ ಕಳದಲ್ಲಿ ನಡೆದುದು ಒಂದೇ ಸಲವಲ್ಲವೆ?

ಮಕ್ಕಳ ಕೈಯಿಂದ ಇಂಥ ಆಟವನ್ನು ಕಸಿದುಕೊಳ್ಳುವ ಮುನ್ನ ತಾಯ್ತಂದೆಗಳು, “ನೀನು ಈಗ ಕೊಂದವನ ಹೆಸರೇನು? ಅವನೊಡನೆ ಎಂದು ಉಂಡಿದ್ದೆ?” ಎಂದು ವಿಚಾರಿಸಲಿ. ಮಗುವು ತಡವರಿಸದೆ ಹೇಳಿದರೆ ವಿರಾಮವು ಸಾರ್ಥಕವೆಂದು ತಿಳಿಯಬಹುದು.