ಗೆರೆಗೆ ಕಾಲು ಬಂದಾಗ

ಅಮೂರ್ತ ಚಿತ್ರಕ್ಕೆ ಗಣಕಯಂತ್ರದಿಂದ ಚಲನೆ ಕೊಡುವುದು ಈಗ ಸುಲಭಸಾಧ್ಯವಾದ ಕೆಲಸ. ಕ್ಯಾಂಡಿನ್‌ಸ್ಕಿಯ ವೃತ್ತಗಳನ್ನು ಉರುಳಿಸಬಹುದು, ಮೊಂಡ್ರಿಯಾನನ ಚೌಕಗಳನ್ನು ಕುಣಿಸಬಹುದು. ನೋಡಿದವರು ಬೆರಗಾಗುವುದೂ ಉಂಟು. ಆದರೆ ಇದು ಪುನಃಸೃಷ್ಟಿಯೋ, ಬರಿಯ ಅಲುಗಾಟವೋ ಎಂಬುದನ್ನು ರಸಿಕರು ವಿಚಾರಿಸಲೇಬೇಕು.

ನಿಂತ ಚಿತ್ರದಲ್ಲಿ ಚಲನೆಯೇ ಇಲ್ಲವೆಂಬುದು ತಪ್ಪು ತಿಳಿವಳಿಕೆ. ಅಲ್ಲಿ ನೋಡುವವನ ಕಣ್ಣು ಚಲಿಸುತ್ತದೆ. ಯಾವ ಗೆರೆಯಿಂದ ಹೊರಡಬೇಕು, ಯಾವ ಬಣ್ಣದಲ್ಲಿ ತಂಗಬೇಕು ಎಂಬುದು ಅವನ ಇಚ್ಛೆ. ಚಲಚ್ಚಿತ್ರ ಈ ಸ್ವಾತಂತ್ರ್ಯವನ್ನು ಕಸಿದುಕೊಳ್ಳುತ್ತದೆ. ಕಸಿದುಕೊಂಡುದಕ್ಕೆ ಪ್ರತಿಯಾಗಿ ಏನನ್ನಾದರೂ ಕೊಡತಕ್ಕದ್ದು ಅದರ ಹೊಣೆ.

ಆ ಹೊಣೆಯನ್ನರಿತು ನಡೆದವರಲ್ಲಿ ಮುಂಬಯಿಯ ಚಿತ್ರಕಾರ ಅಕ್ಬರ್ ಪದಮ್‌ಸೀ ಒಬ್ಬರು. 1970ರಲ್ಲಿ ಅವರು ‘ಸಿಝಿಜಿ’ ಎಂಬ ಮೂಕಚಿತ್ರವನ್ನು ಹೊರತಂದರು. ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬರುವುದಕ್ಕೆ ಖಗೋಲಶಾಸ್ತ್ರದಲ್ಲಿ ಆ ಹೆಸರು. ಸುಮಾರು 1000 ರೇಖಾಚಿತ್ರಗಳಿಗೆ ರಾಮ್ ಮೋಹನ್ ಅವರ ನೆರವಿನಿಂದ ಚಲನೆ ದೊರೆಯಿತು. ಕಥೆಯಿಲ್ಲ, ಸಂಗೀತವಿಲ್ಲ, ಗೆರೆಗಳು ಒಂದು ನಿಯಮಕ್ಕೆ ಕಟ್ಟುಬಿದ್ದು ಆಕೃತಿಗಳಾಗುತ್ತ ಹೋಗುತ್ತವೆ. ರೂಕ್ಷವಾದ ಕೃತಿ ಅಹುದು; ತಾಳ್ಮೆಯನ್ನು ಬೇಡುತ್ತದೆ. ಆದರೂ ಚಿತ್ರ ಹುಟ್ಟುವ ಬಗೆಯನ್ನು ಅದು ಕಾಣಿಸಿಕೊಡುತ್ತದೆ. ನಾವು ಕಳೆದುಕೊಂಡುದಕ್ಕೆ ಅದೇ ಪ್ರತಿಫಲ.

1969ರಲ್ಲಿ ಅವರು ಮಾಡಿದ ‘ಈವೆಂಟ್ಸ್ ಇನ್ ಎ ಕ್ಲೌಡ್ ಚೇಂಬರ್’ ಎಂಬ ಚಿತ್ರದ ಪ್ರತಿ ಕಳೆದೇಹೋಯಿತು. 2016ರಲ್ಲಿ ಅಶೀಮ್ ಅಹ್ಲುವಾಲಿಯಾ, ವೃದ್ಧರಾಗಿದ್ದ ಪದಮ್‌ಸೀಯವರ ಜತೆಗೂಡಿ ಅದನ್ನು ನೆನಪಿನಿಂದ ಮತ್ತೆ ಕಟ್ಟಲು ಯತ್ನಿಸಿದರು. ಮೂಲವೇ ಮರಳಿತೆಂದು ಹೇಳಿಕೊಳ್ಳದೆ, ಕಳೆದುದನ್ನು ಕಳೆದುದೆಂದೇ ತೋರಿಸಿದ್ದರಲ್ಲಿ ಈ ಯತ್ನದ ಪ್ರಾಮಾಣಿಕತೆ ಇದೆ.

ನಮ್ಮ ತೊರಗಲ್ಲ ನಾಡಿನವರಿಗೆ ಇದು ದೂರದ ಮಾತೆನಿಸಬೇಕಾಗಿಲ್ಲ. ಇಳಕಲ್ಲ ಸೀರೆಯ ಮೇಲಿನ ಕಸೂತಿಯನ್ನು ನೋಡಿರಿ. ಗವಂತಿ ಹೊಲಿಗೆಯಲ್ಲಿ ಸೂಜಿ ಹೋಗುವಾಗ ತೆರಪು ಬಿಡುತ್ತ ಹೋಗುತ್ತದೆ. ಮರಳಿ ಬರುವಾಗ ಬಿಟ್ಟ ತೆರಪನ್ನೆಲ್ಲ ತುಂಬುತ್ತದೆ. ಗಂಟಿಲ್ಲ, ಒಳಗೂ ಹೊರಗೂ ಒಂದೇ ರೂಪ. ಎಳೆಗಳನ್ನೆಣಿಸುವ ಈ ಕೈಗೆ ಲೆಕ್ಕವೂ ಗೊತ್ತು, ಲಯವೂ ಗೊತ್ತು.

ನಮ್ಮ ತರುಣರು ಕಸೂತಿಯನ್ನು ಗಣಕಯಂತ್ರಕ್ಕೆ ತರುವುದಾದರೆ ಸೂಜಿಯ ಈ ಹೋಗಿಬರುವಿಕೆಯನ್ನು ತರಲಿ. ಅದನ್ನು ಬಿಟ್ಟು ಸಿದ್ಧವಾದ ಗೋಪುರವನ್ನೇ ಗಿರಗಿರನೆ ತಿರುಗಿಸಿದರೆ, ಅದು ಎಲ್ಲಮ್ಮನ ಜಾತ್ರೆಯ ತಿರುಗುತೊಟ್ಟಿಲಾದೀತು. ತೊಟ್ಟಿಲೂ ಚೆಂದವೇ, ಆದರೆ ಇಳಿದಮೇಲೆ ಉಳಿಯುವುದು ತಲೆಸುತ್ತು ಮಾತ್ರ.