ಜೋಳದ ಮೇಲೆ ಜೋಳ: ಅರಸೀಕೆರೆ–ಬೇಲೂರು ಸೀಮೆಯ ಬೇಸಾಯದ ಒಂದು ವಿಮರ್ಶೆ

ಅರಸೀಕೆರೆಯಿಂದ ಜಾವಗಲ್, ಹಳೇಬೀಡು ದಾಟಿ ಬೇಲೂರಿನವರೆಗೆ ಹರಡಿರುವ ಮಳೆಯಾಶ್ರಿತ ಹೊಲಗಳಲ್ಲಿ ಈಚಿನ ದಶಕಗಳಲ್ಲಿ ಆಗಿರುವ ದೊಡ್ಡ ಬದಲಾವಣೆ ಮುಸುಕಿನ ಜೋಳದ್ದು, ಅಂದರೆ ಮೆಕ್ಕೆಜೋಳದ್ದು; ಇಲ್ಲಿ ಬರಿಯ ‘ಜೋಳ’ ಎಂದರೂ ಅದೇ. ಆಲೂಗೆಡ್ಡೆ ಹಿಂದೆ ಸರಿದ ಕಡೆ ಅದು ಬಂತು, ರಾಗಿಯ ಹೊಲಕ್ಕೆ ಬಂತು, ಶುಂಠಿ ಕಿತ್ತ ಭೂಮಿಗೂ ಬಂತು. ಬಂದದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಸರದಿಯಲ್ಲಿ ಒಂದು ಬೆಳೆಯಾಗಿ ಇರಬೇಕಾದ ಜೋಳ ಎಷ್ಟೋ ಹೊಲಗಳಲ್ಲಿ ಪ್ರತಿ ಮುಂಗಾರಿಗೂ ತಾನೇ ಬೀಡುಬಿಟ್ಟಿದೆ. ಹೋದ ವರ್ಷದ ಕೂಳೆ ಉತ್ತು ಮತ್ತೆ ಜೋಳವನ್ನೇ ಬಿತ್ತುವ ಈ ರೂಢಿಯನ್ನು ತೂಗಿ ನೋಡುವ ಕಾಲ ಬಂದಿದೆ. ನನ್ನ ತೀರ್ಮಾನವನ್ನು ಮೊದಲೇ ಹೇಳುತ್ತೇನೆ: ಮುಸುಕಿನ ಜೋಳ ಈ ಸೀಮೆಗೆ ಒಪ್ಪುವ ಬೆಳೆ, ಜೋಳದ ಮೇಲೆ ಜೋಳ ಮಾತ್ರ ಈ ಸೀಮೆಗೆ ಒಪ್ಪದ ಪದ್ಧತಿ. ಮೂರು ವರ್ಷದ ಆದಾಯ, ಖರ್ಚು ಮತ್ತು ಮಣ್ಣಿನ ಸ್ಥಿತಿಯನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿದರೆ, ದ್ವಿದಳ ಧಾನ್ಯ ಮತ್ತು ರಾಗಿಯ ಜೊತೆ ಸರದಿಯಲ್ಲಿ ಬರುವ ಜೋಳವೇ ರೈತನ ಕೈ ಹಿಡಿಯುತ್ತದೆ.

ಮೊದಲು ಜೋಳದ ಪರವಾಗಿ ಹೇಳಬೇಕಾದದ್ದನ್ನು ಹೇಳಬೇಕು. ಹಾಸನ ಜಿಲ್ಲೆಯ ರೈತರು ಸುಮ್ಮನೆ ಇದರ ಹಿಂದೆ ಹೋಗಲಿಲ್ಲ. ಪಂಜಾಬಿನ ಜಲಂಧರ್‌ನಿಂದ ಬರುವ ಬಿತ್ತನೆ ಆಲೂಗೆಡ್ಡೆಗೆ ಸಾಲ ಮಾಡಿ ಹಣ ಸುರಿದು, ಮೋಡ ಕವಿದ ನಾಲ್ಕು ದಿನಗಳಲ್ಲಿ ಅಂಗಮಾರಿ ಹತ್ತಿ ಹೊಲವೆಲ್ಲ ಕಪ್ಪಾದ ಅನುಭವ ಇಲ್ಲಿಯ ಬಹುತೇಕ ಹಳ್ಳಿಗಳಿಗಿದೆ. ಅದರ ಮುಂದೆ ಜೋಳ ಹಗುರವಾದ ಬೆಳೆ. ಎಕರೆಗೆ ಆರೇಳು ಕೆಜಿ ಬೀಜ ಸಾಕು, ಬಿತ್ತನೆಯಿಂದ ಸುಮಾರು ನಾಲ್ಕು ತಿಂಗಳಲ್ಲಿ ಕೊಯ್ಲು, ಕೊಯ್ಲಿಗೂ ಒಕ್ಕಣೆಗೂ ಯಂತ್ರ ಇದೆ, ಕಾಳಿಗೆ ಕೋಳಿ ಆಹಾರದವರಿಂದ ಪಶು ಆಹಾರ ಘಟಕದವರೆಗೆ ಬೇಡಿಕೆ ಇದೆ, ಸೆಪ್ಪೆ ಹಸುವಿಗಾಗುತ್ತದೆ. ಹಾಲಿನ ಡೇರಿಯನ್ನು ನಂಬಿದ ಮನೆಗಳಿಗೆ ಈ ಕೊನೆಯ ಮಾತು ಸಣ್ಣದಲ್ಲ. ನಮ್ಮ ಕೃಷಿ ವಿಶ್ವವಿದ್ಯಾಲಯವೂ ‘ಹೇಮ’, ‘ನಿತ್ಯಶ್ರೀ’ಯಂಥ ಸಂಕರಣ ತಳಿಗಳನ್ನು ಕೊಟ್ಟಿದೆ. ಆದ್ದರಿಂದ ಜೋಳ ಬಿತ್ತುವ ರೈತನನ್ನು ದೂರುವುದು ಅನ್ಯಾಯ. ವಿಮರ್ಶೆಗೆ ಒಳಗಾಗಬೇಕಾದದ್ದು ಒಂದೇ ಹೊಲದಲ್ಲಿ ಅದನ್ನು ಬಿಡುವಿಲ್ಲದೆ ಬೆಳೆಯುವ ಕ್ರಮ.

ಈ ಬೆಳೆಯ ಮೂಲವನ್ನು ನೆನೆದರೂ ಒಂದು ಪಾಠ ಸಿಗುತ್ತದೆ. ಹೊಯ್ಸಳ ದೇಗುಲಗಳ ಶಿಲ್ಪಗಳ ಕೈಯಲ್ಲಿರುವ ತೆನೆಯಂಥ ಆಕೃತಿ ಮೆಕ್ಕೆಜೋಳವೇ ಎಂದು 1989ರಲ್ಲಿ ಕಾರ್ಲ್ ಜೊಹಾನ್ಸೆನ್ ಮತ್ತು ಆನ್ ಪಾರ್ಕರ್ ವಾದಿಸಿದ್ದರು. ಭಾರತದ ವಿಜ್ಞಾನಿಗಳಾದ ಪಾಯಕ್ ಮತ್ತು ಸಚನ್ 1993ರಲ್ಲಿ ಸೋಮನಾಥಪುರದ ಶಿಲ್ಪಗಳ ಉದಾಹರಣೆಯಿಂದಲೇ ಅದನ್ನು ಅಲ್ಲಗಳೆದರು. ಮೆಕ್ಕೆಜೋಳ ಹುಟ್ಟಿದ್ದು ಮೆಕ್ಸಿಕೊದಲ್ಲಿ, ಅದು ಯುರೋಪಿನ ಹಡಗುಗಳ ಮೂಲಕ ನಮ್ಮಲ್ಲಿಗೆ ಬಂತೆಂಬುದೇ ಇಂದು ಹೆಚ್ಚಿನ ವಿದ್ವಾಂಸರು ಒಪ್ಪುವ ಮಾತು. ಗಮನಿಸಬೇಕಾದ ಸಂಗತಿ ಬೇರೆಯೇ ಇದೆ. ತವರಿನಲ್ಲಿ ಅದನ್ನು ಒಂಟಿಯಾಗಿ ಬೆಳೆಯುತ್ತಿರಲಿಲ್ಲ. ಹುರುಳಿಕಾಯಿಯ ಬಳ್ಳಿ ಅದರ ದಂಟಿಗೆ ಹಬ್ಬುತ್ತಿತ್ತು, ಕುಂಬಳ ನೆಲ ಮುಚ್ಚುತ್ತಿತ್ತು. ನಮ್ಮಲ್ಲಿ ರಾಗಿಯ ನಡುವೆ ಅವರೆ, ಸಾಸಿವೆ, ಹುಚ್ಚೆಳ್ಳಿನ ಅಕ್ಕಡಿ ಸಾಲು ಹಾಕುತ್ತಿದ್ದ ಬುದ್ಧಿಯೂ ಇದೇ. ಎರಡು ಖಂಡಗಳ ರೈತರು ಒಬ್ಬರನ್ನೊಬ್ಬರು ಅರಿಯದೆ ಕಂಡುಕೊಂಡ ಈ ತಿಳಿವಳಿಕೆಯನ್ನು ಬಿಟ್ಟು, ಬೆಳೆಯನ್ನು ಮಾತ್ರ ನಾವು ತೆಗೆದುಕೊಂಡಿದ್ದೇವೆ.

ಇದರ ಬೆಲೆಯನ್ನು ಮೊದಲು ತೆರುವುದು ಮಣ್ಣು. ಒಂದು ಟನ್ ಕಾಳು ಕೊಡಲು ಜೋಳದ ಗಿಡ ಸುಮಾರು 20ರಿಂದ 25 ಕೆಜಿ ಸಾರಜನಕ ಹೀರುತ್ತದೆ. ಎಕರೆಗೆ 20 ಕ್ವಿಂಟಲ್ ಬೆಳೆದರೆ 40ರಿಂದ 50 ಕೆಜಿ ಹೋಯಿತು. ಮಳೆಯಾಶ್ರಿತ ಜೋಳಕ್ಕೆ ಶಿಫಾರಸಾಗಿರುವುದು ಹೆಕ್ಟೇರಿಗೆ 100 ಕೆಜಿ, ಅಂದರೆ ಎಕರೆಗೆ 40 ಕೆಜಿ ಸಾರಜನಕ. ಯೂರಿಯಾ ಲೆಕ್ಕದಲ್ಲಿ ಹತ್ತಿರಹತ್ತಿರ ಎರಡು ಚೀಲ. ಹಾಕಿದ್ದೆಲ್ಲ ಗಿಡಕ್ಕೆ ಸೇರುವುದಿಲ್ಲ; ಒಂದಷ್ಟು ಆವಿಯಾಗುತ್ತದೆ, ಒಂದಷ್ಟು ಮಳೆ ನೀರಿನ ಜೊತೆ ಹೋಗುತ್ತದೆ. ಕೊರತೆಯನ್ನು ತುಂಬಿಕೊಡುವುದು ನೆಲವೇ. ಪೊಟ್ಯಾಷ್ ಸ್ಥಿತಿ ಇನ್ನೂ ಕಷ್ಟದ್ದು. ಗಿಡ ಹೀರುವ ಪೊಟ್ಯಾಷ್‌ನ ಬಹುಪಾಲು ಇರುವುದು ಸೆಪ್ಪೆಯಲ್ಲಿ. ಸೆಪ್ಪೆ ಮನೆಯ ಹಸುವಿಗೆ ಹೋಗಿ ಕೊಟ್ಟಿಗೆ ಗೊಬ್ಬರವಾಗಿ ಹೊಲಕ್ಕೆ ಮರಳಿದರೆ ಚಿಂತೆಯಿಲ್ಲ. ಟ್ರ್ಯಾಕ್ಟರಿನಲ್ಲಿ ಮಾರಾಟವಾಗಿ ಹೋದರೆ ನೆಲದ ಸಾರವೂ ಅದರ ಜೊತೆ ಹೋದಂತೆ. ಸಾವಯವ ಅಂಶ ಮೊದಲೇ ಕಡಿಮೆಯಿರುವ ಅರಸೀಕೆರೆ ಕಡೆಯ ಕೆಂಪು ಮಣ್ಣಿನಲ್ಲಿ ಈ ಸೋರಿಕೆ ಬೇಗ ಕಾಣಿಸುತ್ತದೆ: ಅದೇ ಇಳುವರಿಗೆ ವರ್ಷದಿಂದ ವರ್ಷಕ್ಕೆ ಹೆಚ್ಚು ಗೊಬ್ಬರ ಬೇಕಾಗುತ್ತದೆ, ಎಂಟು ಹತ್ತು ದಿನ ಮಳೆ ಕೈಕೊಟ್ಟರೂ ಸೂಲಂಗಿ ಹೊತ್ತಿನಲ್ಲಿ ಗಿಡ ಬಾಡಿ ತೆನೆಯಲ್ಲಿ ಕಾಳು ಕಟ್ಟುವುದಿಲ್ಲ.

ರೋಗ ಮತ್ತು ಕೀಟದ ಮಾತು ಇದಕ್ಕೆ ಸೇರಿಕೊಂಡೇ ಬರುತ್ತದೆ. ಹಾಸನ ಜಿಲ್ಲೆಯ ಹೊಲಗಳನ್ನು ಈಚೆಗೆ ಕಾಡಿರುವ ಬಿಳಿಸುಳಿ ರೋಗದ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯಬಲ್ಲದು. ಆಸರೆಯ ಬೆಳೆಯನ್ನೇ ಮತ್ತೆ ಮತ್ತೆ ಬಿತ್ತಿದರೆ ಅದು ಪ್ರತಿ ಮುಂಗಾರಿಗೂ ಬಲಿಯುತ್ತದೆ. ಬೀಜೋಪಚಾರ, ನಿರೋಧಕ ತಳಿ ಎರಡೂ ಬೇಕು, ಆದರೆ ನಡುವೆ ದ್ವಿದಳ ಬೆಳೆ ಬಂದು ಶಿಲೀಂಧ್ರಕ್ಕೆ ಆಹಾರ ತಪ್ಪಿದಾಗಲೇ ಅವು ಪೂರ್ತಿ ಫಲ ಕೊಡುತ್ತವೆ. 2018ರಲ್ಲಿ ಭಾರತದಲ್ಲೇ ಮೊದಲ ಬಾರಿಗೆ ಶಿವಮೊಗ್ಗದ ಹೊಲಗಳಲ್ಲಿ ಕಾಣಿಸಿಕೊಂಡ ಫಾಲ್ ಸೈನಿಕ ಹುಳುವಿನ ವಿಷಯದಲ್ಲಿ ಇಷ್ಟು ಧೈರ್ಯದಿಂದ ಹೇಳಲಾಗದು. ಅದರ ಪತಂಗ ಬಹುದೂರ ಹಾರುತ್ತದೆ, ಆದ್ದರಿಂದ ಒಬ್ಬ ರೈತನ ಸರದಿ ಅದನ್ನು ತಡೆಯಲಾರದು. ಊರಿನವರೆಲ್ಲ ಒಂದೇ ವಾರದಲ್ಲಿ ಬಿತ್ತಿ, ಸಾಲುಗಳ ನಡುವೆ ಅಲಸಂದೆ, ತೊಗರಿ ಇಟ್ಟು, ಸುಳಿಯಲ್ಲಿ ಹುಳು ಚಿಕ್ಕದಿರುವಾಗಲೇ ಗಮನಿಸಿದರೆ ಹಾವಳಿ ತಗ್ಗುತ್ತದೆ. ಬೇಸಿಗೆಯಲ್ಲೂ ನೀರಾವರಿ ಜೋಳ ನಿಂತಿರುವ ಊರಿನಲ್ಲಿ ಹುಳುವಿಗೆ ಬಿಡುವಿಲ್ಲದ ಊಟ ಸಿಗುತ್ತದೆ ಎಂಬುದನ್ನೂ ಮರೆಯಬಾರದು.

‘ಇಷ್ಟೆಲ್ಲ ಇದ್ದರೂ ಕೈಗೆ ದುಡ್ಡು ಕೊಡುವುದು ಜೋಳವೇ’ ಎಂಬುದು ಮುಖ್ಯ ಆಕ್ಷೇಪ. ಅಂಕಿಗಳನ್ನೇ ನೋಡೋಣ. 2025–26ಕ್ಕೆ ಕೇಂದ್ರ ಸರ್ಕಾರ ಘೋಷಿಸಿದ ಬೆಂಬಲ ಬೆಲೆ ಮೆಕ್ಕೆಜೋಳಕ್ಕೆ ಕ್ವಿಂಟಲ್‌ಗೆ 2,400 ರೂಪಾಯಿ, ರಾಗಿಗೆ 4,886 ರೂಪಾಯಿ. ಎಕರೆಗೆ 18 ಕ್ವಿಂಟಲ್ ಜೋಳ, 8 ಕ್ವಿಂಟಲ್ ರಾಗಿ ಎಂದು ಇಟ್ಟುಕೊಂಡರೆ ಜೋಳಕ್ಕೆ 43,200, ರಾಗಿಗೆ 39,088 ರೂಪಾಯಿ. ಕಾಗದದ ಮೇಲೆ ಜೋಳವೇ ಮುಂದು. ಆದರೆ 2025ರ ನವೆಂಬರ್‌ನಲ್ಲಿ ರಾಜ್ಯದ ಮಾರುಕಟ್ಟೆಗಳಲ್ಲಿ ಜೋಳದ ದರ 1,600ರಿಂದ 1,800 ರೂಪಾಯಿಗೆ ಕುಸಿಯಿತು, ಖರೀದಿ ಆರಂಭಿಸಿ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಪ್ರಧಾನಿಗೆ ಪತ್ರ ಬರೆಯಬೇಕಾಯಿತು. 1,700ರ ದರದಲ್ಲಿ ಅದೇ 18 ಕ್ವಿಂಟಲ್‌ಗೆ ಸಿಗುವುದು 30,600 ರೂಪಾಯಿ. ರಾಗಿ ಪಡಿತರದಲ್ಲಿ ಹಂಚಿಕೆಯಾಗುವುದರಿಂದ ಸರ್ಕಾರ ಅದನ್ನು ಕೊಳ್ಳುತ್ತದೆ. ಜೋಳಕ್ಕೆ ಆ ದಾರಿಯಿಲ್ಲದ ಕಾರಣ ಅದರ ಬೆಂಬಲ ಬೆಲೆ ಹೆಚ್ಚಾಗಿ ಘೋಷಣೆಯಾಗಿಯೇ ಉಳಿಯುತ್ತದೆ. ಎಥೆನಾಲ್ ಬೇಡಿಕೆ ಬೆಲೆಯನ್ನು ಎತ್ತಿ ಹಿಡಿಯುತ್ತದೆಂಬ ನಂಬಿಕೆಯೂ ಆ ವರ್ಷ ಅಲುಗಿತು. ಮಳೆಯಲ್ಲಿ ಕೊಯ್ದ ಕಾಳಿನ ತೇವಾಂಶ ಶೇ 14ಕ್ಕೆ ಇಳಿಯದಿದ್ದರೆ ವ್ಯಾಪಾರಿ ಇನ್ನಷ್ಟು ಮುರಿದುಕೊಳ್ಳುತ್ತಾನೆ. ರಾಗಿ ಖರೀದಿಗೂ ಮಿತಿಗಳಿವೆ, ಸರದಿ ಸಾಲುಗಳಿವೆ, ನಿಜ. ಹಾಗೆಂದೇ ಎಲ್ಲರೂ ರಾಗಿಗೆ ಹೋಗಿ ಎಂದು ನಾನು ಹೇಳುತ್ತಿಲ್ಲ. ಎರಡರಲ್ಲೂ ಅರ್ಧರ್ಧ ಹೊಲ ಇಟ್ಟವನು ಯಾವ ವರ್ಷವೂ ಪೂರ್ತಿ ಮುಳುಗುವುದಿಲ್ಲ ಎಂಬುದೇ ಈ ಅಂಕಿಗಳು ಹೇಳುವ ಮಾತು.

ಹಾಗಾದರೆ ಸರದಿ ಹೇಗಿರಬೇಕು? ಮಳೆ ಕಡಿಮೆಯಿರುವ ಅರಸೀಕೆರೆ ಕಡೆ ಒಂದು ವರ್ಷ ಜೋಳವನ್ನು ತೊಗರಿ ಸಾಲುಗಳ ಜೊತೆ ಬೆಳೆಯಬಹುದು. ಮರುವರ್ಷ ಭರಣಿ ಮಳೆಗೆ ಅಲಸಂದೆ ಇಲ್ಲವೇ ಹೆಸರು ಬಿತ್ತಿ, ಕಾಯಿ ಬಿಡಿಸಿ ಗಿಡವನ್ನು ಉತ್ತು, ಅದರ ಮೇಲೆ ಅವರೆ ಅಕ್ಕಡಿಯ ರಾಗಿ ತರಬಹುದು. ಮೂರನೆಯ ವರ್ಷ ಮುಂಗಾರು ತಡವಾದರೂ ಹುರುಳಿ ಕೈಬಿಡುವುದಿಲ್ಲ. ಹಳೇಬೀಡಿನ ಸುತ್ತ ಎರೆ ಮಣ್ಣು ಇರುವ ಹೊಲಗಳಲ್ಲಿ ಜೋಳ ಕೊಯ್ದ ಮೇಲೆ ಹಸ್ತ, ಚಿತ್ತೆ ಮಳೆಯ ಹದಕ್ಕೆ ಕಡಲೆ ಬರುತ್ತದೆ. ಮಲೆನಾಡಿಗೆ ಹತ್ತಿರವಾದ ಬೇಲೂರು ಕಡೆ ಶುಂಠಿಯ ನಂತರ ಜೋಳ ಬಿತ್ತುವುದು ಜಾಣತನವೇ, ಶುಂಠಿಗೆ ಸುರಿದ ಗೊಬ್ಬರದ ಉಳಿಕೆಯನ್ನು ಅದು ಬಳಸಿಕೊಳ್ಳುತ್ತದೆ. ಆದರೆ ಆ ಉಳಿಕೆ ಒಂದು ಬೆಳೆಗಷ್ಟೇ. ಮರುವರ್ಷವೂ ಜೋಳವೇ ಬಂದರೆ ಲೆಕ್ಕ ತಲೆಕೆಳಗಾಗುತ್ತದೆ, ಆಗ ಸೆಣಬನ್ನೋ ಅಲಸಂದೆಯನ್ನೋ ಹಸಿರೆಲೆ ಗೊಬ್ಬರವಾಗಿ ಮಣ್ಣಿಗೆ ಸೇರಿಸಬೇಕು. ಇದೆಲ್ಲದಕ್ಕೂ ಒಂದು ಎಚ್ಚರಿಕೆ ಬೇಕು: ಕಳೆಗೆಂದು ಹೊಡೆಯುವ ಅಟ್ರಜಿನ್ ಜೋಳಕ್ಕೆ ಏನೂ ಮಾಡದು, ದ್ವಿದಳ ಸಸಿಗಳನ್ನು ಸುಡುತ್ತದೆ. ಅಕ್ಕಡಿ ಇಡುವ ಹೊಲದಲ್ಲಿ ಅದನ್ನು ಬಿಟ್ಟು ಪೆಂಡಿಮೆಥಾಲಿನ್ ಬಳಸಬೇಕು ಅಥವಾ ಕುಂಟೆ ಹೊಡೆಯಬೇಕು.

ದ್ವಿದಳದ ಗುಣವನ್ನು ಹಿಗ್ಗಿಸಿ ಹೇಳುವವರೂ ಇದ್ದಾರೆ, ಅವರನ್ನೂ ಪ್ರಶ್ನಿಸಬೇಕು. ಕಾಳು ಬಿಡಿಸಿ, ಗಿಡವನ್ನು ಕಿತ್ತು ಮನೆಗೆ ಒಯ್ದ ಹುರುಳಿ ಮಣ್ಣಿನಲ್ಲಿ ಬಿಡುವ ಸಾರಜನಕ ಸ್ವಲ್ಪವೇ. ಅದರಿಂದ ಜೋಳದ ಗೊಬ್ಬರ ಪೂರ್ತಿ ತಪ್ಪುವುದಿಲ್ಲ, ಒಂದು ಪಾಲು ತಗ್ಗುತ್ತದೆ ಅಷ್ಟೆ. ಸರದಿಯ ಲಾಭ ಬರುವುದು ಹಲವು ಸಣ್ಣ ಉಳಿತಾಯಗಳು ಕೂಡಿದಾಗ: ತಗ್ಗಿದ ಗೊಬ್ಬರ, ತಪ್ಪಿದ ಒಂದೆರಡು ಸಿಂಪಡಣೆ, ಮನೆಗೆ ಉಳಿದ ಬೇಳೆಕಾಳು, ಬೇರೆ ಬೇರೆ ತಿಂಗಳಿಗೆ ಹಂಚಿಹೋದ ಆದಾಯ. ಕೂಲಿಯಾಳು ಸಿಗುವುದಿಲ್ಲ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಅವರೆ, ತೊಗರಿ ಬಿಡಿಸಲು ಕೈಗಳು ಬೇಕು, ಜೋಳಕ್ಕೆ ಯಂತ್ರ ಸಾಕು. ಆದರೆ ರಾಗಿಗೂ ಈಗ ಕೊಯ್ಲು ಯಂತ್ರ ಬಂದಿದೆ, ಹುರುಳಿಯನ್ನು ಒಂದೇ ಸಲ ಕಿತ್ತು ಒಕ್ಕಬಹುದು. ಇನ್ನು ಎರಡು ಎಕರೆಯವನಿಗೆ ಸರದಿ ಹೇಗೆ ಎಂದರೆ, ಅರ್ಧ ಭಾಗಿಸಿ ವರ್ಷ ಬಿಟ್ಟು ವರ್ಷ ಅದಲುಬದಲು ಮಾಡುವುದು ಅವನಿಗೂ ಸಾಧ್ಯ. ನಿಜವಾದ ಅಡ್ಡಿ ಇರುವುದು ಒಂದೇ ವರ್ಷದ ಗುತ್ತಿಗೆಗೆ ಭೂಮಿ ಹಿಡಿದವನಿಗೆ. ಮೂರನೆಯ ವರ್ಷದ ಮಣ್ಣು ಅವನದಲ್ಲವಾದ್ದರಿಂದ ಸರದಿಯ ಹೊಣೆ ಭೂಮಾಲೀಕನ ಮೇಲೆ ಬೀಳುತ್ತದೆ, ಗುತ್ತಿಗೆ ಮಾತಿನಲ್ಲೇ ಅದು ಸೇರಬೇಕು.

ರೈತನ ವಿವೇಕವೊಂದರಿಂದಲೇ ಇದು ನಡೆಯದು. ರಾಗಿಗೆ ಇರುವಂಥ ಖಾತ್ರಿ ಖರೀದಿ ಹುರುಳಿ, ಅವರೆ, ಅಲಸಂದೆಗೆ ಇಲ್ಲ. ಬೀಜ ನಿಗಮದ ಮಳಿಗೆಯಲ್ಲಿ ಜೋಳದ ಸಂಕರಣ ಬೀಜ ಸಿಗುವ ಸುಲಭದಲ್ಲಿ ಒಳ್ಳೆಯ ದ್ವಿದಳ ಬೀಜವೂ ಸಿಗಬೇಕು. ಹೋಬಳಿ ಮಟ್ಟದಲ್ಲಿ ಕಾಳು ಒಣಗಿಸುವ ವ್ಯವಸ್ಥೆ, ಮಣ್ಣು ಪರೀಕ್ಷೆಗೆ ತಕ್ಕ ಗೊಬ್ಬರದ ಸಲಹೆ ಇವೂ ಬೇಕು. ಪಶು ಆಹಾರ ಘಟಕಗಳು ಜಿಲ್ಲೆಯ ಜೋಳವನ್ನು ಬೆಂಬಲ ಬೆಲೆಗೆ ನೇರವಾಗಿ ಕೊಳ್ಳುವ ಪದ್ಧತಿ ಶಾಶ್ವತವಾದರೆ, ಬೆಳೆಯುವ ಪ್ರಮಾಣವನ್ನು ಬೇಡಿಕೆಗೆ ಹೊಂದಿಸುವುದೂ ಸುಲಭ. ಇಷ್ಟರಲ್ಲಿ ಯಾವುದೂ ಆಗದ ವರ್ಷಗಳಲ್ಲೂ ರೈತನ ಕೈಯಲ್ಲಿ ಉಳಿಯುವ ನಿರ್ಧಾರ ಒಂದೇ: ಜೋಳ ಕೊಯ್ದ ಹೊಲಕ್ಕೆ ಮುಂದಿನ ಮುಂಗಾರಿಗೆ ಏನು ಬಿತ್ತಬೇಕು ಎಂಬುದು. ಅಲ್ಲಿ ಮತ್ತೆ ಜೋಳ ಬರೆದರೆ ಈ ವರ್ಷದ ಲಾಭವನ್ನು ಬರುವ ವರ್ಷಗಳ ಮಣ್ಣಿನಿಂದ ಸಾಲ ತಂದಂತೆ, ದ್ವಿದಳವೋ ರಾಗಿಯೋ ಬಂದರೆ ಮುಂದಿನ ಸರದಿಯಲ್ಲಿ ಅದೇ ಹೊಲ ಜೋಳವನ್ನು ಕಡಿಮೆ ಖರ್ಚಿನಲ್ಲಿ ಕೊಡುತ್ತದೆ.