ಅನ್ನ ಬಿಡಿ, ಸೊಪ್ಪು ಬಿಡಬೇಡಿ

ತೂಕ ಇಳಿಸಲು ಹೊರಟವರು ಮೊದಲ ವಾರ ಏನೇನು ಕೈಬಿಡುತ್ತಾರೆ, ಗಮನಿಸಿ. ಹಾಲು ಕುಡಿದರೆ ದಪ್ಪಗಾಗುತ್ತೇವೆಂದು ಹಾಲು ಹೋಯಿತು. ಹೊಟ್ಟೆ ಭಾರವೆಂದು ಮುದ್ದೆ ಹೋಯಿತು. ಸೋಸಲು ಪುರುಸೊತ್ತಿಲ್ಲವೆಂದು ಸೊಪ್ಪೂ ಹೋಯಿತು. ಉಳಿದದ್ದು ಒಂದು ಬಟ್ಟಲು ಓಟ್ಸ್, ಎರಡು ಚಪಾತಿ, ಒಂದಿಷ್ಟು ಸೌತೆಕಾಯಿ, ಹಸಿವು ಮರೆಯಲು ಹೊತ್ತು ಹೊತ್ತಿಗೆ ಕಾಫಿ. ತೂಕವೇನೋ ಇಳಿಯುತ್ತದೆ. ಆದರೆ ಕೆಲವು ತಿಂಗಳಲ್ಲಿ ಮೆಟ್ಟಿಲು ಹತ್ತಿದರೆ ಏದುಸಿರು, ಬಾಚಿದರೆ ಕೈತುಂಬ ಕೂದಲು.

ಊಟ ಅರ್ಧಕ್ಕೆ ಇಳಿಸಿದೆವೆಂದು ದೇಹ ತನಗೆ ಬೇಕಾದ ಕಬ್ಬಿಣ, ಕ್ಯಾಲ್ಸಿಯಂಗಳಲ್ಲಿ ರಿಯಾಯಿತಿ ಕೊಡುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಪರಿಷ್ಕರಿಸಿದ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಕಬ್ಬಿಣ ಗಂಡಸರಿಗೆ 19 ಮಿಲಿಗ್ರಾಂ, ಮುಟ್ಟಾಗುವ ವಯಸ್ಸಿನ ಹೆಂಗಸರಿಗೆ 29. ಕೂತು ಕೆಲಸ ಮಾಡುವ ಹೆಣ್ಣುಮಗಳಿಗೆ ಅದೇ ಮಂಡಳಿ ಹೇಳುವ ಶಕ್ತಿಯ ಅಳತೆ 1660 ಕ್ಯಾಲೊರಿ. ಅದನ್ನು 1200ಕ್ಕೆ ತಂದರೂ ಆ 29 ಹಾಗೇ ನಿಂತಿರುತ್ತದೆ. ಕಡಿಮೆ ದುಡ್ಡು ಹಿಡಿದು ಸಂತೆಗೆ ಹೋದವರು ಚೌಕಾಸಿ ಮಾಡುವಂತೆ, ಇಲ್ಲಿ ಒಂದೊಂದು ಕ್ಯಾಲೊರಿಗೂ ಪ್ರತಿಯಾಗಿ ಏನು ಸಿಕ್ಕಿತೆಂದು ಕೇಳಬೇಕು.

ಹಾಗೆ ಕೇಳಿದರೆ ಮೊದಲು ಗೆಲ್ಲುವುದು ರಾಗಿ. ನೂರು ಗ್ರಾಂ ರಾಗಿಹಿಟ್ಟು, ಅಂದರೆ ಒಂದು ದೊಡ್ಡ ಮುದ್ದೆ, ಸುಮಾರು 320 ಕ್ಯಾಲೊರಿ ಕೊಟ್ಟು 360 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ ಕೊಡುತ್ತದೆ. ಅಷ್ಟೇ ತೂಕದ ಪಾಲಿಶ್ ಅಕ್ಕಿಯಲ್ಲಿ ಕ್ಯಾಲೊರಿ ಇನ್ನೂ ಹೆಚ್ಚು, ಕ್ಯಾಲ್ಸಿಯಂ ಮಾತ್ರ ಹತ್ತರ ಆಸುಪಾಸು. ರಾಗಿಯಲ್ಲಿರುವ ಫೈಟೇಟ್ ಅದರ ಒಂದು ಪಾಲನ್ನು ದೇಹಕ್ಕೆ ಹತ್ತಗೊಡುವುದಿಲ್ಲ, ನಿಜ. ಮೊಳಕೆ ಬರಿಸಿ ಹುರಿದು ಬೀಸಿದರೆ ಆ ತಕರಾರು ತಗ್ಗುತ್ತದೆ. ಹಾಲಿನ ವಿಷಯ ಚಿಕ್ಕದು: ಕೆನೆ ತೆಗೆದರೆ ಕೊಬ್ಬು ಹೋಗುತ್ತದೆ, ಕ್ಯಾಲ್ಸಿಯಂ ಹೋಗುವುದಿಲ್ಲ. ಕೆನೆ ತೆಗೆದ ಹಾಲೋ ಅದರ ಮೊಸರೋ ದಿನಕ್ಕೆ ನಾನೂರು ಮಿಲಿಲೀಟರ್ ಹೊಟ್ಟೆ ಸೇರಿದರೆ, ಬರೀ 140 ಕ್ಯಾಲೊರಿಗೆ ಸುಮಾರು ಅರ್ಧ ದಿನದ ಕ್ಯಾಲ್ಸಿಯಂ ಬಂದಂತೆ. ಮುದ್ದೆ, ಮೊಸರು, ಒಂದು ಹಿಡಿ ಸೊಪ್ಪು. ಐನೂರು ಕ್ಯಾಲೊರಿಯೊಳಗೆ ಕ್ಯಾಲ್ಸಿಯಂ ಲೆಕ್ಕ ಚುಕ್ತಾ.

ಸೊಪ್ಪಿನ ವಿಷಯದಲ್ಲಿ ಸ್ವಲ್ಪ ಪಕ್ಷಪಾತ ಮಾಡಬೇಕಾಗುತ್ತದೆ. ಡಯಟ್ ಮಾಡುವವರೆಲ್ಲ ಪಾಲಕ್ ಹಿಂದೆ ಬೀಳುತ್ತಾರೆ. ಹಾಲಿನ ಕ್ಯಾಲ್ಸಿಯಂನಲ್ಲಿ ಕಾಲುಭಾಗಕ್ಕೂ ಹೆಚ್ಚು ಮೈಗೆ ಹತ್ತಿದರೆ, ಆಕ್ಸಲೇಟ್ ತುಂಬಿದ ಪಾಲಕ್‌ನದ್ದು ಇಪ್ಪತ್ತರಲ್ಲಿ ಒಂದು ಪಾಲು ಹತ್ತಿದರೆ ಹೆಚ್ಚು. ನನ್ನ ಮತ ಮೆಂತ್ಯ ಸೊಪ್ಪಿಗೆ, ನುಗ್ಗೆ ಸೊಪ್ಪಿಗೆ, ಮತ್ತು ತರಕಾರಿ ಅಂಗಡಿಯವರು ಮುರಿದು ಬುಟ್ಟಿಗೆಸೆಯುವ ನವಿಲುಕೋಸಿನ ಎಲೆಗೆ. ಕಾಶ್ಮೀರದವರು ನವಿಲುಕೋಸನ್ನು ಎಲೆ ಸಮೇತ ಬೇಯಿಸಿ ಉಣ್ಣುತ್ತಾರೆ. ನಾವು ಗೆಡ್ಡೆಗೆ ದುಡ್ಡು ಕೊಟ್ಟು ಎಲೆಯನ್ನು ದನಕ್ಕೆ ಬಿಟ್ಟುಬರುತ್ತೇವೆ.

ಕಬ್ಬಿಣದ ಕತೆ ಇಷ್ಟು ಸುಲಭವಲ್ಲ. ಮೊದಲು ಕೆಂಪು ಬಣ್ಣದ ಭ್ರಮೆ ಹೋಗಬೇಕು. ದಾಳಿಂಬೆ, ಬೀಟ್‌ರೂಟ್ ರಕ್ತದ ಬಣ್ಣದವಾದ್ದರಿಂದ ರಕ್ತ ಕೊಡುತ್ತವೆಂದು ಊರೆಲ್ಲ ನಂಬಿದೆ. ನೂರು ಗ್ರಾಂ ಬೀಟ್‌ರೂಟಿನಲ್ಲಿ ಕಬ್ಬಿಣ ಒಂದು ಮಿಲಿಗ್ರಾಂ ಕೂಡ ಇಲ್ಲ, ದಾಳಿಂಬೆಯಲ್ಲಿ ಅದಕ್ಕಿಂತಲೂ ಕಡಿಮೆ. ಬೆಲ್ಲದ ಹತ್ತು ಗ್ರಾಂ ಚೂರಿನಿಂದ ಅರ್ಧ ಮಿಲಿಗ್ರಾಂ ಸಿಗಬಹುದು, ಅದರೊಂದಿಗೆ ನಲವತ್ತರ ಹತ್ತಿರ ಕ್ಯಾಲೊರಿ. ಡಯಟ್ ಮಾಡುವವರಿಗೆ ಇದು ನಷ್ಟದ ವ್ಯಾಪಾರ.

ನನ್ನ ಅಡುಗೆಮನೆಯಲ್ಲಿ ಈ ಕೆಲಸಕ್ಕೆ ನೇಮಕವಾಗಿರುವುದು ಹುರುಳಿಕಾಳು. ರಾತ್ರಿ ನೆನೆಸಿ, ಬೆಳಿಗ್ಗೆ ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿಟ್ಟರೆ ಮರುದಿನಕ್ಕೆ ಗಂಟು ಬಿಚ್ಚುವಾಗ ಮೊಳಕೆಗಳು ಬಟ್ಟೆಯ ಎಳೆಗೆ ಚುಚ್ಚಿಕೊಂಡಿರುತ್ತವೆ. ಕಾಳು ಮುಕ್ಕಾಲು ಬೆಂದ ಮೇಲೆ ಹೆಚ್ಚಿದ ಹರಿವೆ ಸೊಪ್ಪು ಹಾಕಿ, ಎರಡು ಕುದಿ ಬಂದಾಗ ಬಸಿಯಿರಿ. ಕಟ್ಟು ಸಾರಿಗೆ, ಕಾಳುಸೊಪ್ಪು ಪಲ್ಯಕ್ಕೆ. ಪಲ್ಯಕ್ಕೆ ಒಂದು ಚಮಚ ಎಣ್ಣೆಯ ಒಗ್ಗರಣೆ ಸಾಕು. ಹಿಡಿ ಕಾಯಿತುರಿ ಬೇಡ, ಅದೊಂದೇ ನೂರು ಕ್ಯಾಲೊರಿ ದಾಟುತ್ತದೆ. ಒಲೆಯಿಂದ ಇಳಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ. ಕುದಿಯುವಾಗ ಹಿಂಡಿದರೆ ಹುಳಿ ಉಳಿಯುತ್ತದೆ, ಸಿ ಜೀವಸತ್ವ ಕರಗಿಹೋಗುತ್ತದೆ. ಕಾಳುಸೊಪ್ಪಿನ ಕಬ್ಬಿಣವನ್ನು ಮೈಗೆ ಹತ್ತಿಸುವುದು ಅದೇ. (ಸೊಪ್ಪು ಬೇಯಿಸಿದ ನೀರನ್ನು ಚೆಲ್ಲಿದರೆ ಆಕ್ಸಲೇಟ್ ಒಂದಷ್ಟು ಹೋಗುತ್ತದೆಂದು ಪೌಷ್ಟಿಕ ತಜ್ಞರು ಹೇಳುತ್ತಾರೆ. ಬಸ್ಸಾರಿನ ಕಟ್ಟನ್ನು ಚೆಲ್ಲುವಷ್ಟು ಕಠಿಣ ಮನಸ್ಸು ನನಗಿಲ್ಲ.)

ಹುಣಸೆಹುಳಿಯ ಗೊಜ್ಜು, ಟೊಮೆಟೊ ಹಾಕಿದ ಪಲ್ಯ ಮಾಡುವಾಗ ಅಟ್ಟದಲ್ಲಿರುವ ಕಬ್ಬಿಣದ ಬಾಣಲೆ ಇಳಿಸಿ. ಹುಳಿ ಬಿದ್ದಾಗ ಬಾಣಲೆಯ ಕಬ್ಬಿಣ ನಿಜವಾಗಿಯೂ ಅಡುಗೆಗೆ ಇಳಿಯುತ್ತದೆ. ಆದರೆ ಬೆಂದದ್ದನ್ನು ಅದರಲ್ಲೇ ಬಿಟ್ಟರೆ ಕಪ್ಪಾಗಿ ಕಹಿ ಬರುತ್ತದೆ. ಮಾಂಸಾಹಾರಿಗಳಿಗೆ ಹಾದಿ ಹತ್ತಿರ: ವಾರಕ್ಕೊಮ್ಮೆ ಸ್ವಲ್ಪ ಲಿವರ್, ಕರಾವಳಿಯವರಾದರೆ ಮರುವಾಯಿ, ಮೆತ್ತನೆ ಮುಳ್ಳಿನ ಸಮೇತ ತಿನ್ನುವ ಬೂತಾಯಿ. ಎಣ್ಣೆಯಲ್ಲಿ ಕರಿಯದಿದ್ದರಾಯಿತು.

ಇನ್ನು ಕಾಫಿ. ಊಟದ ಜೊತೆ ಕುಡಿದ ಕಾಫಿ ಕಬ್ಬಿಣದ ಹೀರಿಕೆಯನ್ನು ಮೂರನೇ ಒಂದು ಪಾಲಿಗಿಂತ ಹೆಚ್ಚು ತಗ್ಗಿಸಿದ್ದು 1980ರ ದಶಕದಲ್ಲೇ ಪ್ರಯೋಗದಲ್ಲಿ ಕಂಡಿದೆ. ಚಹಾ ಇನ್ನೂ ಮೋಸ. ಆ ಪ್ರಯೋಗದಲ್ಲಿ ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿ ಏನೂ ಕೆಡಿಸಲಿಲ್ಲ. ಊಟವಾಗಿ ಒಂದು ಗಂಟೆಯ ನಂತರ ಕುಡಿದದ್ದು ಮಾತ್ರ ಜೊತೆಗೆ ಕುಡಿದಷ್ಟೇ ಕೆಡಿಸಿತು. ಹಾಗಾಗಿ ಕಾಫಿ ಊಟಕ್ಕೆ ಮೊದಲೇ ಆಗಿಹೋಗಲಿ. ಕ್ಯಾಲ್ಸಿಯಂ ಕೂಡ ಕಬ್ಬಿಣಕ್ಕೆ ಅಡ್ಡಗಾಲು. ಕ್ಯಾಲ್ಸಿಯಂ ಮಾತ್ರೆಯನ್ನು ಸೊಪ್ಪಿನ ಊಟದ ಜೊತೆ ನುಂಗದೆ ಬೇರೆ ಹೊತ್ತಿಗೆ ಇಟ್ಟುಕೊಳ್ಳಿ. ಅದರ ಚೀಟಿಯನ್ನೂ ಓದಿ: 1250 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಎಂದಿದ್ದರೆ ಸಿಗುವ ಕ್ಯಾಲ್ಸಿಯಂ 500 ಮಾತ್ರ.

ಇಷ್ಟೆಲ್ಲ ಮಾಡಿದರೂ ಲೆಕ್ಕ ಹಾಕೋಣ. ಮುದ್ದೆಯಿಂದ ನಾಲ್ಕೂವರೆ, ನೂರು ಗ್ರಾಂ ಹರಿವೆಯಿಂದ ಸುಮಾರು ಅಷ್ಟೇ, ಮೂವತ್ತು ಗ್ರಾಂ ಹುರುಳಿಯಿಂದ ಎರಡೂವರೆ. ಒಟ್ಟು ಹನ್ನೆರಡೂ ಮುಟ್ಟಲಿಲ್ಲ. 1200 ಕ್ಯಾಲೊರಿಯೊಳಗೆ ಹೆಣ್ಣುಮಕ್ಕಳು 29 ಮಿಲಿಗ್ರಾಂ ಕಬ್ಬಿಣವನ್ನು ಊಟದಿಂದಲೇ ಹೊಂದಿಸುವುದು ಬಹುತೇಕ ಆಗದ ಮಾತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಇದೆ, ಅದೂ ಡಯಟ್ ಮಾಡದೆಯೇ. ಆದ್ದರಿಂದ ತೂಕದ ಯಂತ್ರ ಹತ್ತುವ ಮೊದಲು ಹಿಮೋಗ್ಲೋಬಿನ್, ಅದರ ಜೊತೆಗೆ ಫೆರಿಟಿನ್ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ಡಯಟ್ ಮುಂದಕ್ಕೆ ಹಾಕಿ, ಮೊದಲು ವೈದ್ಯರನ್ನು ಕಾಣಿ.